ಬೀಡಿ ಮುಟ್ಟದವರಿಗೂ ಶ್ವಾಸಕೋಶದ ಕ್ಯಾನ್ಸರ್: ಲೋಹದ ಹೊಗೆ, ದೂಳಿನ ಪಾತ್ರವೇನು?

ಶ್ವಾಸಕೋಶದ ಕ್ಯಾನ್ಸರ್ ಎಂದ ಕೂಡಲೇ ಕೇಳಿಬರುವ ಮೊದಲ ಪ್ರಶ್ನೆ ‘ಬೀಡಿ, ಸಿಗರೇಟು ಸೇದುತ್ತಿದ್ದರಾ?’ ಎಂಬುದು. ಪ್ರಶ್ನೆ ಸರಿಯಾಗಿಯೇ ಇದೆ. ಈ ಕಾಯಿಲೆಯ ಅತಿ ದೊಡ್ಡ ಕಾರಣ ಇಂದಿಗೂ ತಂಬಾಕೇ. ಆದರೆ ನಮ್ಮ ದೇಶದಲ್ಲಿ ಈ ಕಾಯಿಲೆಗೆ ತುತ್ತಾದವರಲ್ಲಿ ಜೀವಮಾನದಲ್ಲಿ ಒಂದು ಬೀಡಿಯನ್ನೂ ಹಚ್ಚದವರ ಸಂಖ್ಯೆ ಸಣ್ಣದೇನಲ್ಲ. ‘ಇಲ್ಲ’ ಎಂಬ ಉತ್ತರ ಬಂದಲ್ಲಿಗೆ ಮಾತು ನಿಂತುಬಿಡುತ್ತದೆ. ಮನೆಯವರು ಹಣೆಬರಹ ಎಂದು ಸುಮ್ಮನಾಗುತ್ತಾರೆ. ಅಲ್ಲಿ ಕೇಳಲೇಬೇಕಾದ ಎರಡನೆಯ ಪ್ರಶ್ನೆಯೊಂದಿದೆ: ‘ಏನು ಕೆಲಸ ಮಾಡುತ್ತಿದ್ದಿರಿ? ಎಷ್ಟು ವರ್ಷ?’

ಮೈಸೂರು, ಮಂಡ್ಯ ಭಾಗದವರಿಗೆ ಈ ಪ್ರಶ್ನೆ ದೂರದ್ದಲ್ಲ. ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿ, ನಂಜನಗೂಡು, ತೂಬಿನಕೆರೆ, ಗೆಜ್ಜಲಗೆರೆಯ ಕೈಗಾರಿಕಾ ಪ್ರದೇಶಗಳಿಗೆ ಸುತ್ತಲಿನ ಹಳ್ಳಿಗಳಿಂದ ದಿನವೂ ಜನ ಹೋಗಿಬರುತ್ತಾರೆ. ಇವುಗಳ ಹೊರಗೆ, ಯಾವ ಫಲಕವೂ ಇಲ್ಲದ ತಗಡಿನ ಶೆಡ್ಡುಗಳಲ್ಲಿ ಗೇಟು, ಕಿಟಕಿ ಗ್ರಿಲ್, ಕಬ್ಬು ಸಾಗಿಸುವ ಟ್ರೇಲರ್ ತಯಾರಾಗುತ್ತವೆ. ಹೊಲದ ಕೆಲಸ ಬಿಟ್ಟು ವೆಲ್ಡಿಂಗ್, ಗ್ರೈಂಡಿಂಗ್, ಪ್ಲೇಟಿಂಗ್, ಸ್ಪ್ರೇ ಪೇಂಟಿಂಗ್ ಕಲಿತ ಮಕ್ಕಳು ಎಷ್ಟೋ ಮನೆಗಳಲ್ಲಿದ್ದಾರೆ. ಅವರು ಉಸಿರಾಡುವ ಗಾಳಿಯಲ್ಲಿ ಏನಿದೆ, ಅದು ದೇಹದೊಳಗೆ ಏನು ಮಾಡುತ್ತದೆ ಎಂಬುದು ಅವರ ಮನೆಯವರಿಗೂ ತಿಳಿದಿರಬೇಕು.

ಯಾವ ಲೋಹಗಳು?

ವಿಶ್ವ ಆರೋಗ್ಯ ಸಂಸ್ಥೆಯ ಅಡಿಯಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎಂಬುದೊಂದಿದೆ. 1965ರಲ್ಲಿ ಆರಂಭವಾದ ಇದರ ಕಚೇರಿ ಫ್ರಾನ್ಸಿನ ಲಿಯೋನ್ ನಗರದಲ್ಲಿದೆ. ಯಾವ ವಸ್ತುವಿನಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಸಿಕ್ಕಿರುವ ಪುರಾವೆಗಳನ್ನೆಲ್ಲ ಜಾಲಾಡಿ, ಪುರಾವೆ ಗಟ್ಟಿಯಾಗಿದ್ದರೆ ಅದನ್ನು ‘ಒಂದನೇ ಗುಂಪಿಗೆ’ ಸೇರಿಸುವುದು ಅದರ ಕೆಲಸ. ಶ್ವಾಸಕೋಶದ ಕ್ಯಾನ್ಸರಿಗೆ ಸಂಬಂಧಿಸಿದಂತೆ ಆ ಗುಂಪಿನಲ್ಲಿರುವ ಪ್ರಮುಖ ಲೋಹಗಳು ಐದು: ಆರ್ಸೆನಿಕ್, ಕ್ಯಾಡ್ಮಿಯಂ, ಆರು ವೇಲೆನ್ಸಿಯ ಕ್ರೋಮಿಯಂ, ನಿಕಲ್‌ನ ಸಂಯುಕ್ತಗಳು ಮತ್ತು ಬೆರಿಲಿಯಂ. ಆರ್ಸೆನಿಕ್ ಪೂರ್ತಿ ಲೋಹವಲ್ಲ, ಅರೆಲೋಹ. ಅದರ ನಡವಳಿಕೆ ಇವುಗಳಂತೆಯೇ ಇರುವುದರಿಂದ ಒಟ್ಟಿಗೆ ಲೆಕ್ಕ ಹಾಕುತ್ತಾರೆ. ವೆಲ್ಡಿಂಗ್ ಹೊಗೆಯನ್ನು ಇದೇ ಸಂಸ್ಥೆ 2017ರಲ್ಲಿ ಒಂದನೇ ಗುಂಪಿಗೆ ಸೇರಿಸಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ‘ಒಂದನೇ ಗುಂಪು’ ಎಂಬುದು ಪುರಾವೆಯ ಬಲವನ್ನು ಹೇಳುತ್ತದೆ, ಅಪಾಯದ ಪ್ರಮಾಣವನ್ನಲ್ಲ. ಸಿಗರೇಟೂ ವೆಲ್ಡಿಂಗ್ ಹೊಗೆಯೂ ಒಂದೇ ಗುಂಪಿನಲ್ಲಿವೆ ಎಂದ ಮಾತ್ರಕ್ಕೆ ಎರಡರ ಅಪಾಯವೂ ಸಮ ಎಂದಾಗುವುದಿಲ್ಲ. ಅಪಾಯ ನಿಂತಿರುವುದು ಲೋಹ ಯಾವ ರೂಪದಲ್ಲಿದೆ, ಯಾವ ದಾರಿಯಿಂದ ಒಳಗೆ ಹೋಗುತ್ತದೆ, ಎಷ್ಟು ಹೋಗುತ್ತದೆ, ಎಷ್ಟು ವರ್ಷ ಹೋಗುತ್ತದೆ ಎಂಬುದರ ಮೇಲೆ.

ಸ್ಟೀಲ್ ಪಾತ್ರೆಗೆ ಹೆದರಬೇಕೇ?

ಬೇಡ. ಅಡುಗೆಮನೆಯ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಗಳಲ್ಲಿ ಸಾಮಾನ್ಯವಾಗಿ ಬಳಸುವ ಒಂದು ಬಗೆಯ ಉಕ್ಕಿನಲ್ಲಿ ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. ಅಲ್ಲಿ ಅವು ಗಟ್ಟಿ ಲೋಹವಾಗಿ ಬಂದಿಯಾಗಿವೆ. ಉಸಿರಿನಲ್ಲಿ ಸೇರಿ ಶ್ವಾಸಕೋಶಕ್ಕೆ ಹೋಗುವ ದಾರಿಯೇ ಇಲ್ಲ.

ಕ್ರೋಮಿಯಂ ಕಥೆ ನಮ್ಮ ಮಣ್ಣಿನಲ್ಲೂ ಇದೆ. ಮೈಸೂರಿನ ಬಳಿಯ ಸಿಂಧುವಳ್ಳಿ, ಹಾಸನ ಜಿಲ್ಲೆಯ ಬೈರಾಪುರದಲ್ಲಿ ಕ್ರೋಮೈಟ್ ಅದಿರಿದೆ. ಅದಿರಿನಲ್ಲಿರುವ ಕ್ರೋಮಿಯಂ ಮೂರು ವೇಲೆನ್ಸಿಯದು. ಅಂದರೆ ಅದರ ಪರಮಾಣು ಮೂರು ಎಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿಯಲ್ಲಿದೆ. ಈ ರೂಪದ ಕ್ರೋಮಿಯಂಗೆ ನಮ್ಮ ಜೀವಕೋಶದ ಪೊರೆ ದಾಟುವುದು ಬಲು ಕಷ್ಟ. ಅದೇ ಕ್ರೋಮಿಯಂ ಕಾರ್ಖಾನೆಯ ಕಾವಿನಲ್ಲಿ, ರಾಸಾಯನಿಕ ಕ್ರಿಯೆಯಲ್ಲಿ ಆರು ಎಲೆಕ್ಟ್ರಾನ್ ಕಳೆದುಕೊಂಡರೆ ಕ್ರೋಮೇಟ್ ಆಗುತ್ತದೆ. ಕ್ರೋಮೇಟ್‌ನ ಆಕಾರ ದೇಹಕ್ಕೆ ದಿನವೂ ಬೇಕಾದ ಸಲ್ಫೇಟ್‌ನ ಆಕಾರವನ್ನು ಹೋಲುತ್ತದೆ. ಜೀವಕೋಶ ಸಲ್ಫೇಟ್‌ಗೆಂದು ಇಟ್ಟುಕೊಂಡಿರುವ ಬಾಗಿಲಿನಿಂದಲೇ ಅದು ಒಳನುಗ್ಗುತ್ತದೆ. ಒಳಗೆ ಹೋದ ಮೇಲೆ ಮತ್ತೆ ಮೂರು ವೇಲೆನ್ಸಿಯ ರೂಪಕ್ಕೆ ಇಳಿಯುತ್ತದೆ. ಹಾನಿಯಾಗುವುದು ಈ ಇಳಿಯುವ ಹಂತದಲ್ಲಿ: ಡಿಎನ್‌ಎಯನ್ನು ಕೆಡಿಸುವ ಚುರುಕು ಕಣಗಳು ಹುಟ್ಟುತ್ತವೆ, ಕ್ರೋಮಿಯಂ ಸ್ವತಃ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ನುಂಗಿದರೆ ಹೊಟ್ಟೆಯ ಆಮ್ಲ ಇದರ ಬಹುಪಾಲನ್ನು ದಾರಿಯಲ್ಲೇ ಸಾಧುವಾಗಿಸುತ್ತದೆ. ಶ್ವಾಸಕೋಶದಲ್ಲಿ ಅಂಥ ಆಮ್ಲವಿಲ್ಲ.

ಶೆಡ್ಡಿನೊಳಗೆ ಏನಾಗುತ್ತದೆ?

ಈಗ ಹೊಸ ಮನೆ ಎಂದರೆ ಮೆಟ್ಟಿಲಿಗೆ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ರೇಲಿಂಗ್ ಬೇಕೇ ಬೇಕು. ಅದನ್ನು ಬೆಸೆಯುವವನನ್ನು ಹತ್ತಿರದಿಂದ ನೋಡಿ. ಬೆಸುಗೆಯ ಬಿಂದುವಿನ ಮೇಲೆ ಬಾಗಿ ಕುಳಿತಿರುತ್ತಾನೆ. ಮುಖಕ್ಕೂ ಕಿಡಿಗೂ ಒಂದು ಮೊಳ ಅಂತರ. ರಾಡಿನ ತುದಿಯಲ್ಲಿ ಲೋಹ ಕರಗುವುದಷ್ಟೇ ಅಲ್ಲ, ಕುದಿದು ಆವಿಯಾಗುತ್ತದೆ. ಆವಿ ಗಾಳಿಗೆ ತಾಕಿದ ಕ್ಷಣದಲ್ಲಿ ತಣಿದು ಅತಿಸೂಕ್ಷ್ಮ ಕಣಗಳಾಗುತ್ತದೆ. ನೀಲಿ ಬೂದು ಬಣ್ಣದ ಎಳೆಯಾಗಿ ನೇರ ಮೇಲೇರುವ ಹೊಗೆ ಅದೇ. ಅವನ ಮುಖ ಇರುವುದು ಆ ಎಳೆಯ ದಾರಿಯಲ್ಲಿ. ಕೈಯಲ್ಲಿ ಹಿಡಿದ ಕಪ್ಪು ಗಾಜಿನ ಶೀಲ್ಡ್ ಕಣ್ಣನ್ನು ಕಾಯುತ್ತದೆ, ಹೊಗೆ ಅದರ ಅಡಿಯಿಂದ ಸರಾಗವಾಗಿ ಮೂಗಿಗೆ ಬರುತ್ತದೆ.

ಸಾಧಾರಣ ಕಬ್ಬಿಣ ಬೆಸೆದಾಗ ಹೊಗೆಯಲ್ಲಿ ಹೆಚ್ಚಾಗಿ ಕಬ್ಬಿಣ, ಮ್ಯಾಂಗನೀಸ್ ಇರುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ಬೆಸೆದಾಗ ಆರು ವೇಲೆನ್ಸಿಯ ಕ್ರೋಮಿಯಂ ಮತ್ತು ನಿಕಲ್ ಸೇರುತ್ತವೆ. ಈ ಕಣಗಳಲ್ಲಿ ಬಹುಪಾಲು ಒಂದು ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ಸಣ್ಣವು. ತಲೆಗೂದಲಿನ ದಪ್ಪ 50ರಿಂದ 70 ಮೈಕ್ರಾನ್. ದಪ್ಪ ದೂಳನ್ನು ಮೂಗಿನ ಕೂದಲು, ಗಂಟಲಿನ ಕಫ ಹಿಡಿದು ಹೊರಹಾಕುತ್ತವೆ. ಇಷ್ಟು ಸಣ್ಣದನ್ನು ಹಿಡಿಯಲು ಅವಕ್ಕೆ ಆಗುವುದಿಲ್ಲ. ಅವು ಶ್ವಾಸನಾಳ ಕವಲೊಡೆಯುವ ಮೂಲೆಗಳಲ್ಲಿ ಕೂರುತ್ತವೆ, ಇಲ್ಲವೇ ಕೊನೆಯ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅಂಥ ಗೂಡುಗಳು ನಮ್ಮಲ್ಲಿ ಸುಮಾರು 30 ಕೋಟಿಗೂ ಹೆಚ್ಚು. ಹರಡಿದರೆ ಸುಮಾರು 70 ಚದರ ಮೀಟರ್ ಆದೀತು. ಪ್ರಾಣವಾಯು ಹೀರಲು ಇರುವ ಇಷ್ಟು ವಿಶಾಲ ಅಂಗಳ ಹೊಗೆಗೂ ತೆರೆದೇ ಇರುತ್ತದೆ.

ಜಿ.ಐ. ಪೈಪ್ ಬೆಸೆದ ದಿನ ರಾತ್ರಿ ಚಳಿಜ್ವರ, ಮೈಕೈ ನೋವು ಬರುವುದು ಹಳೆಯ ವೆಲ್ಡರುಗಳಿಗೆಲ್ಲ ಗೊತ್ತು. ಅದು ಪೈಪಿನ ಮೇಲಿನ ಸತುವಿನ ಹೊಗೆಯಿಂದ ಬರುವ ಜ್ವರ; ಒಂದೆರಡು ದಿನದಲ್ಲಿ ಇಳಿಯುತ್ತದೆ. ಸತು ಕ್ಯಾನ್ಸರ್ ತರುವ ಲೋಹಗಳ ಪಟ್ಟಿಯಲ್ಲಿಲ್ಲ. ಕ್ರೋಮಿಯಂ, ನಿಕಲ್ ಅಂಥ ಯಾವ ಜ್ವರವನ್ನೂ ಕೊಡದೆ ವರ್ಷಗಟ್ಟಲೆ ಒಳಗೆ ಸೇರುತ್ತಾ ಹೋಗಬಹುದು. ‘ನನಗೇನೂ ಆಗಿಲ್ಲವಲ್ಲ’ ಎಂಬ ಮಾತನ್ನು ನಂಬಲಾಗದಿರುವುದು ಇದಕ್ಕೇ.

ಕ್ರೋಮ್ ಪ್ಲೇಟಿಂಗ್ ತೊಟ್ಟಿಗಳಿಂದ ಏಳುವ ಹನಿಮಂಜು, ಹಳೆಯ ಹಳದಿ ಬಣ್ಣವನ್ನು ಉಜ್ಜಿ ತೆಗೆಯುವಾಗಿನ ದೂಳು ಕೂಡ ಆರು ವೇಲೆನ್ಸಿಯ ಕ್ರೋಮಿಯಂ ಇರುವಂಥವು. ಹಳದಿ ಬಣ್ಣಕ್ಕೆ ಬಹುಕಾಲ ಬಳಸಿದ್ದು ಸೀಸದ ಕ್ರೋಮೇಟ್. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ. ಅದಕ್ಕೂ ಹಿಂದಿನ ಬಾಗಿಲು, ಗ್ರಿಲ್ಲುಗಳ ಬಣ್ಣವನ್ನು ಒಣಗಿದ್ದಾಗ ಉಜ್ಜುವುದಕ್ಕಿಂತ ನೀರು ಹಾಕಿ ಒದ್ದೆ ಮಾಡಿಕೊಂಡು ಉಜ್ಜುವುದು ಲೇಸು.

ಒಳಗೆ ಸೇರಿದ ಲೋಹ ಕ್ಯಾನ್ಸರ್ ತರುವುದು ಹೇಗೆ?

ಕ್ಯಾನ್ಸರ್ ಎಂದರೆ ಜೀವಕೋಶವೊಂದು ಹತೋಟಿ ತಪ್ಪಿ ಒಂದೇ ಸಮನೆ ಒಡೆದು ಹೆಚ್ಚುವುದು. ಯಾವಾಗ ಹೆಚ್ಚಬೇಕು, ಯಾವಾಗ ನಿಲ್ಲಬೇಕು ಎಂಬ ಸೂಚನೆಗಳೆಲ್ಲ ಬರೆದಿರುವುದು ಡಿಎನ್‌ಎಯಲ್ಲಿ. ಈ ಬರಹ ದಿನವೂ ಅಲ್ಲಲ್ಲಿ ಕೆಡುತ್ತದೆ. ಬಿಸಿಲು, ಹೊಗೆ, ನಾವು ತಿಂದ ಅನ್ನ ಅರಗುವ ಕ್ರಿಯೆ, ಎಲ್ಲವೂ ಅಷ್ಟಿಷ್ಟು ಕೆಡಿಸುತ್ತವೆ. ಹಾಗಿದ್ದೂ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ, ಏಕೆಂದರೆ ಕೆಟ್ಟದ್ದನ್ನು ಸರಿಪಡಿಸುವ ಪ್ರೋಟೀನುಗಳು ಪ್ರತಿ ಜೀವಕೋಶದಲ್ಲೂ ಇವೆ.

ವಿಶ್ವೇಶ್ವರಯ್ಯ ನಾಲೆಯ ಬಯಲಿನವರಿಗೆ ನೀರಗಂಟಿಯ ಕೆಲಸ ಗೊತ್ತು. ಏರಿಯಲ್ಲಿ ಎಲ್ಲೋ ಏಡಿ ಬಿಲ ತೋಡಿರುತ್ತದೆ, ಇನ್ನೆಲ್ಲೋ ಸಣ್ಣ ಬಿರುಕು. ಗುದ್ದಲಿ ಹಿಡಿದು ತಿರುಗುವ ನೀರಗಂಟಿ ಕಂಡದ್ದನ್ನು ಅಂದೇ ಮಣ್ಣು ಮೆತ್ತಿ ಮುಚ್ಚುತ್ತಾನೆ. ಅವನ ಕೈ ಕಟ್ಟಿಹಾಕಿದರೆ ಸಾಕು, ಏರಿಯನ್ನು ಯಾರೂ ಅಗೆಯಬೇಕಿಲ್ಲ. ದಿನನಿತ್ಯದ ಬಿರುಕುಗಳೇ ಅದನ್ನು ಒಡೆಯುತ್ತವೆ. ಆರ್ಸೆನಿಕ್, ಕ್ಯಾಡ್ಮಿಯಂ ಮುಖ್ಯವಾಗಿ ಮಾಡುವುದು ಇಂಥ ಕೆಲಸವನ್ನು. ರಿಪೇರಿಯ ಪ್ರೋಟೀನುಗಳಲ್ಲಿ ಹಲವು ತಮ್ಮ ಆಕಾರ ಉಳಿಸಿಕೊಳ್ಳಲು ಒಂದೊಂದು ಸತುವಿನ ಪರಮಾಣುವನ್ನು ನಂಬಿಕೊಂಡಿವೆ. ಕ್ಯಾಡ್ಮಿಯಂ ಸತುವಿನ ಕುಟುಂಬಕ್ಕೇ ಸೇರಿದ ಲೋಹ. ಅದು ಸತುವನ್ನು ತಳ್ಳಿ ಆ ಜಾಗದಲ್ಲಿ ಕೂರುತ್ತದೆ. ಪ್ರೋಟೀನು ಆಕಾರ ಕೆಟ್ಟು ಕೆಲಸಕ್ಕೆ ಬಾರದಾಗುತ್ತದೆ. ಆರ್ಸೆನಿಕ್ ಕೂಡ ಇದೇ ಸತುವಿನ ಜಾಗಗಳಿಗೆ ಬಂದು ಅಂಟಿಕೊಳ್ಳುತ್ತದೆ.

ನಿಕಲ್‌ನ ದಾರಿ ಬೇರೆ. ಕರಗದ ನಿಕಲ್ ಕಣವನ್ನು ಜೀವಕೋಶ ತಾನಾಗಿಯೇ ನುಂಗುತ್ತದೆ. ಒಳಗೆ ಅದು ಮೆಲ್ಲಮೆಲ್ಲನೆ ಕರಗುತ್ತಾ, ಕಬ್ಬಿಣವನ್ನು ಅವಲಂಬಿಸಿದ ಕಿಣ್ವಗಳಿಗೆ ಅಡ್ಡಿ ಮಾಡುತ್ತದೆ. ಪ್ರಾಣವಾಯು ಸಾಕಷ್ಟಿದ್ದರೂ ಜೀವಕೋಶ ಉಸಿರುಗಟ್ಟಿದಂತೆ ವರ್ತಿಸತೊಡಗುತ್ತದೆ. ಡಿಎನ್‌ಎಯ ಬರಹ ಹಾಗೆಯೇ ಇದ್ದರೂ ಯಾವ ಪುಟ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬ ವ್ಯವಸ್ಥೆ ಏರುಪೇರಾಗುತ್ತದೆ. ಬೆರಿಲಿಯಂ ಕೆಲವೇ ವಿಶೇಷ ಮಿಶ್ರಲೋಹಗಳ ಕೆಲಸದಲ್ಲಿ ಎದುರಾಗುವಂಥದ್ದು. ಅದು ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಆರದ ಉರಿಯೂತ ಹುಟ್ಟಿಸುತ್ತದೆ.

ಹೊಗೆಸೊಪ್ಪಿನ ಎಲೆಯಲ್ಲಿರುವ ಲೋಹ

ತಂಬಾಕು ಒಂದು ಕಡೆ, ಲೋಹ ಇನ್ನೊಂದು ಕಡೆ ಎಂದು ಬೇರೆಬೇರೆ ಇಡುವುದು ಸರಿಯಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕೆಂಪು ಮಣ್ಣಿನಲ್ಲಿ ಹೊಗೆಸೊಪ್ಪು ಬೆಳೆಯುವವರಿಗೆ ಆ ಗಿಡದ ಸ್ವಭಾವ ಚೆನ್ನಾಗಿ ಗೊತ್ತು. ಅದರ ಇನ್ನೊಂದು ಸ್ವಭಾವ ಕಣ್ಣಿಗೆ ಕಾಣುವುದಿಲ್ಲ: ಮಣ್ಣಿನಲ್ಲಿ ಎಷ್ಟೇ ಕಡಿಮೆ ಕ್ಯಾಡ್ಮಿಯಂ ಇರಲಿ, ಅದನ್ನು ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಜಗತ್ತಿನ ಯಾವ ನೆಲದ ತಂಬಾಕಿಗೂ ಈ ಮಾತು ಸಲ್ಲುತ್ತದೆ. ಮಣ್ಣಿಗೆ ಕ್ಯಾಡ್ಮಿಯಂ ಸಹಜವಾಗಿ ಬಂದಿರುತ್ತದೆ. ರಂಜಕದ ಗೊಬ್ಬರದಲ್ಲೂ ಮೂಲ ಶಿಲೆಯ ಕಲಬೆರಕೆಯಾಗಿ ಅಷ್ಟಿಷ್ಟು ಬರುತ್ತದೆ.

ಒಂದು ಸಿಗರೇಟಿನಲ್ಲಿ ಹೆಚ್ಚುಕಡಿಮೆ 1ರಿಂದ 2 ಮೈಕ್ರೋಗ್ರಾಂ ಕ್ಯಾಡ್ಮಿಯಂ ಇರುತ್ತದೆ. ಎಲೆ ಉರಿದಾಗ ಅದು ಆವಿಯಾಗಿ, ಒಂದು ಪಾಲು ಸೇದುವವನ ಶ್ವಾಸಕೋಶಕ್ಕೆ ಇಳಿಯುತ್ತದೆ. ಕ್ಯಾಡ್ಮಿಯಂ ಒಮ್ಮೆ ಮೂತ್ರಪಿಂಡ ಸೇರಿದರೆ, ಅದರ ಅರ್ಧ ಹೊರಹೋಗಲು 10ರಿಂದ 30 ವರ್ಷ ಬೇಕು. ತಂಬಾಕಿನ ಹೊಗೆಯಲ್ಲಿ ಆರ್ಸೆನಿಕ್, ನಿಕಲ್, ಕ್ರೋಮಿಯಂ ಕೂಡ ಇವೆ. ಬೆಳೆಗಾರರ ವಿಷಯ ಬೇರೆ. ಹಸಿ ಎಲೆ ಕೀಳುವಾಗ ಅವರಿಗೆ ತಲೆ ಸುತ್ತು, ವಾಂತಿ ಬರುವುದು ಚರ್ಮದಿಂದ ಒಳಸೇರುವ ನಿಕೋಟಿನ್‌ನಿಂದ, ಕ್ಯಾಡ್ಮಿಯಂನಿಂದಲ್ಲ.

ಲೋಹದ ಕೆಲಸ ಮಾಡುವವರು ಬೀಡಿ ಸೇದಿದರೆ ಏನಾಗುತ್ತದೆ? ಹೊಗೆಸೊಪ್ಪಿನ ಇತರ ರಾಸಾಯನಿಕಗಳು ಡಿಎನ್‌ಎಯನ್ನು ಕೆಡಿಸುತ್ತವೆ, ಲೋಹ ರಿಪೇರಿಯನ್ನು ತಡೆಯುತ್ತದೆ. ಆರ್ಸೆನಿಕ್ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಂಡಿದೆ: ಎರಡೂ ಸೇರಿದಾಗಿನ ಅಪಾಯ ಎರಡನ್ನೂ ಬೇರೆಬೇರೆಯಾಗಿ ಕೂಡಿದ್ದಕ್ಕಿಂತ ಹೆಚ್ಚು. ವೆಲ್ಡಿಂಗ್ ಬಿಡಲು ಸಾಧ್ಯವಿಲ್ಲದವರು ಬೀಡಿ ಬಿಟ್ಟರೆ ಆಗುವ ಲಾಭ ದೊಡ್ಡದು.

ಕುಡಿದ ನೀರಿನಿಂದ ಶ್ವಾಸಕೋಶಕ್ಕೆ

ಆರ್ಸೆನಿಕ್‌ನ ಒಂದು ಗುಣ ವಿಜ್ಞಾನಿಗಳನ್ನೂ ಬೆರಗುಗೊಳಿಸಿದೆ. ಅದು ಹೊಗೆಯಾಗಿ ಒಳಗೆ ಹೋಗಲೇಬೇಕೆಂದಿಲ್ಲ. ಕುಡಿಯುವ ನೀರಿನಲ್ಲಿದ್ದರೂ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ.

ಇದನ್ನು ಕಲಿಸಿದ್ದು ದಕ್ಷಿಣ ಅಮೆರಿಕದ ಚಿಲಿ ದೇಶದ ಅಂತೋಫಗಾಸ್ತ ನಗರ. ಮಳೆಯೇ ಬಾರದ ಆ ಊರಿಗೆ 1958ರಲ್ಲಿ ಬೆಟ್ಟದ ನದಿಗಳಿಂದ ನೀರು ತಂದರು. ಅದರಲ್ಲಿ ಲೀಟರಿಗೆ ಸುಮಾರು 860 ಮೈಕ್ರೋಗ್ರಾಂ ಆರ್ಸೆನಿಕ್ ಇತ್ತು. ಇಂದಿನ ಮಿತಿ, ವಿಶ್ವ ಆರೋಗ್ಯ ಸಂಸ್ಥೆಯದಾಗಲಿ ಭಾರತೀಯ ಮಾನಕ ಸಂಸ್ಥೆಯದಾಗಲಿ, ಲೀಟರಿಗೆ 10 ಮೈಕ್ರೋಗ್ರಾಂ. 1970ರ ಹೊತ್ತಿಗೆ ಶುದ್ಧೀಕರಣ ಘಟಕ ಬಂತು, ಆರ್ಸೆನಿಕ್ ಥಟ್ಟನೆ ಇಳಿಯಿತು. ಆದರೆ ಶ್ವಾಸಕೋಶದ ಕ್ಯಾನ್ಸರಿನ ಸಾವುಗಳು ಅದರ ನಂತರದ ದಶಕಗಳಲ್ಲಿ ಏರುತ್ತಲೇ ಹೋದವು. ಆ ನೀರು ಕುಡಿಯುತ್ತಿದ್ದ 1958ರಿಂದ 1970ರ ನಡುವೆ ಹುಟ್ಟಿದವರು, ಎಳೆಯರಾಗಿದ್ದವರು ಮೂವತ್ತು, ನಲವತ್ತರ ಹರೆಯದಲ್ಲೇ ಈ ಕಾಯಿಲೆಗೆ ಬಲಿಯಾದರು.

ಕರ್ನಾಟಕದಲ್ಲಿ ಅಂತರ್ಜಲದ ಆರ್ಸೆನಿಕ್ ಮುಖ್ಯವಾಗಿ ವರದಿಯಾಗಿರುವುದು ರಾಯಚೂರು, ಯಾದಗಿರಿ ಕಡೆಯ ಚಿನ್ನದ ಗಣಿ ಪಟ್ಟಿಯಲ್ಲಿ. ಹಾಗೆಂದು ನಮ್ಮ ಕಡೆ ಪರೀಕ್ಷೆಯೇ ಬೇಡ ಎನ್ನುವಂತಿಲ್ಲ. ಆರ್ಸೆನಿಕ್‌ಗೆ ಬಣ್ಣ, ರುಚಿ, ವಾಸನೆ ಏನೂ ಇಲ್ಲ. ಕೊಳವೆಬಾವಿಯ ನೀರನ್ನೇ ಕುಡಿಯುವವರು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಗಾಢವಾಗುತ್ತದೆ.

ಇಷ್ಟು ತಡವಾಗಿ ಏಕೆ?

ಒಂದು ಜೀವಕೋಶ ಹತೋಟಿ ತಪ್ಪಲು ಒಂದೇ ಹಾನಿ ಸಾಲದು. ಹಲವು ಸೇರಬೇಕು, ಅದಕ್ಕೆ ವರ್ಷಗಳು ಬೇಕು. ಕೆಲಸಕ್ಕೆ ಸೇರಿದ ದಿನದಿಂದ ಕಾಯಿಲೆ ಕಾಣಿಸುವವರೆಗೆ 20 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ಆ ಶೆಡ್ ಮುಚ್ಚಿರುತ್ತದೆ, ಕೆಲಸಗಾರ ಊರಿಗೆ ಮರಳಿ ಹಸು ಕಟ್ಟಿಕೊಂಡಿರುತ್ತಾನೆ. ಅದಕ್ಕೂ ಇದಕ್ಕೂ ನಂಟಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ನಂಟು ಹೊಳೆದದ್ದು ದೊಡ್ಡ ಕಾರ್ಖಾನೆಗಳ ಹಾಜರಿ ಪುಸ್ತಕಗಳಿಂದ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಕ್ಲಿಡಾಕ್‌ನಲ್ಲಿದ್ದ ನಿಕಲ್ ಶುದ್ಧೀಕರಣ ಕಾರ್ಖಾನೆಯ ಕೆಲಸಗಾರರಲ್ಲಿ ಮೂಗು, ಶ್ವಾಸಕೋಶದ ಕ್ಯಾನ್ಸರ್ ಅತಿಯಾಗಿ ಕಂಡಿತು. ಕೆಲಸದ ವಿಧಾನ ಬದಲಾದ ಮೇಲೆ, ಅಂದರೆ 1930ರ ನಂತರ ಸೇರಿದವರಲ್ಲಿ ಅಪಾಯ ಬಹಳ ಇಳಿಯಿತು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಹೆಚ್ಚು ಭರವಸೆ ಕೊಡುವ ಸಂಗತಿ ಇದು: ದೂಳು ತಗ್ಗಿದರೆ ಕಾಯಿಲೆಯೂ ತಗ್ಗುತ್ತದೆ.

ಒಬ್ಬ ರೋಗಿಯನ್ನು ತೋರಿಸಿ ‘ಇದು ಲೋಹದಿಂದಲೇ ಬಂತು’ ಎಂದು ಗಂಟೆ ಹೊಡೆದಂತೆ ಹೇಳಲು ಮಾತ್ರ ಆಗುವುದಿಲ್ಲ. ವಾಯುಮಾಲಿನ್ಯ, ರೇಡಾನ್ ಅನಿಲ, ಕಲ್ನಾರು, ಸಿಲಿಕಾ ದೂಳು, ಡೀಸೆಲ್ ಹೊಗೆ, ವಂಶದ ಪ್ರಭಾವ ಎಲ್ಲವೂ ಕಾರಣಗಳ ಪಟ್ಟಿಯಲ್ಲಿವೆ. ಲೋಹ ಅಪಾಯವನ್ನು ಹೆಚ್ಚಿಸುತ್ತದೆ. ಲೋಹದ ಕೆಲಸ ಮಾಡಿದ ಹೆಚ್ಚಿನವರಿಗೆ ಈ ಕ್ಯಾನ್ಸರ್ ಬರುವುದಿಲ್ಲ.

ಬೆಲ್ಲ ತಿಂದರೆ ದೂಳು ಹೋಗುತ್ತದೆಯೇ?

ದೂಳಿನ ಕೆಲಸ ಮುಗಿಸಿ ಒಂದು ಉಂಡೆ ಬೆಲ್ಲವನ್ನೋ ಬಾಳೆಹಣ್ಣನ್ನೋ ತಿಂದರೆ ಎದೆ ಶುದ್ಧವಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಮಂಡ್ಯದ ಬೆಲ್ಲದ ಮೇಲಿನ ಪ್ರೀತಿ ಹಾಗೆಯೇ ಇರಲಿ. ಅದು ಹೋಗುವುದು ಹೊಟ್ಟೆಗೆ, ಹೊಗೆ ಹೋದದ್ದು ಶ್ವಾಸಕೋಶಕ್ಕೆ. ಬೆಲ್ಲ ತಿಂದೆನೆಂಬ ಧೈರ್ಯದಲ್ಲಿ ಮಾಸ್ಕ್ ಬಿಡುವುದು ಅಪಾಯ.

ಮೂಗಿಗೆ ಸುತ್ತಿದ ಟವೆಲ್, ತೆಳು ನೀಲಿ ಮಾಸ್ಕ್ ವೆಲ್ಡಿಂಗ್ ಹೊಗೆಯನ್ನು ತಡೆಯುವುದಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಎನ್–95 ಅಥವಾ ಅದಕ್ಕಿಂತ ಮೇಲ್ದರ್ಜೆಯ ಮಾಸ್ಕ್ ಬೇಕು. ದಟ್ಟ ಗಡ್ಡವಿದ್ದರೆ ಅದರ ಅಂಚಿನಿಂದ ಹೊಗೆ ನುಸುಳುತ್ತದೆ. ಮಾಸ್ಕ್‌ಗಿಂತ ಮೊದಲು ಬರಬೇಕಾದದ್ದು ಹೊಗೆ ಹುಟ್ಟುವಲ್ಲೇ ಅದನ್ನು ಎಳೆದುಕೊಳ್ಳುವ ಎಕ್ಸಾಸ್ಟ್. ಅದಿಲ್ಲದ ಕಡೆ ಬಾಗಿಲು ತೆರೆದು, ಗಾಳಿ ಒಂದು ಪಕ್ಕದಿಂದ ಬಂದು ಹೊಗೆಯನ್ನು ಮುಖದಿಂದ ಆಚೆ ಒಯ್ಯುವಂತೆ ಕುಳಿತರೂ ವ್ಯತ್ಯಾಸವಾಗುತ್ತದೆ. ಶೆಡ್ಡಿನೊಳಗೆ ಊಟ ಮಾಡಬಾರದು. ಕೆಲಸದ ಬಟ್ಟೆಯನ್ನು ಅಲ್ಲೇ ಬಿಟ್ಟು ಬಂದರೆ ಅದರ ದೂಳು ಮಕ್ಕಳ ಮೇಲೆ ಬೀಳುವುದಿಲ್ಲ.

ವೈದ್ಯರ ಬಳಿ ಹೋದಾಗ

ಮೂರು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಎದೆನೋವು, ಸ್ವರ ಒಡೆಯುವುದು: ಇವಿಷ್ಟರಲ್ಲಿ ಯಾವುದಿದ್ದರೂ ತಡ ಮಾಡಬಾರದು. ಕ್ಷಯದ ಲಕ್ಷಣಗಳೂ ಹೆಚ್ಚುಕಡಿಮೆ ಇವೇ ಆದ್ದರಿಂದ ಕಫ ಪರೀಕ್ಷೆ ಆಗಲೇಬೇಕು. ಅದರಲ್ಲಿ ಕ್ಷಯ ಕಾಣದಿದ್ದರೆ, ಇಲ್ಲವೇ ಕ್ಷಯದ ಔಷಧಕ್ಕೂ ಕೆಮ್ಮು ಜಗ್ಗದಿದ್ದರೆ ಮುಂದಿನ ಪರೀಕ್ಷೆಗಳ ಬಗ್ಗೆ ಕೇಳಬೇಕು.

ರಕ್ತ, ಮೂತ್ರದಲ್ಲಿ ಲೋಹ ಅಳೆಯುವ ಪರೀಕ್ಷೆಗಳಿವೆ. ಅವು ಲೋಹ ಒಳಗೆ ಹೋಗಿದೆಯೇ ಎಂದು ಹೇಳುತ್ತವೆ, ಕ್ಯಾನ್ಸರ್ ಇದೆಯೇ ಎಂದಲ್ಲ. ಮೂತ್ರದ ಆರ್ಸೆನಿಕ್ ಕಳೆದ ಕೆಲವು ದಿನಗಳ ಲೆಕ್ಕವನ್ನಷ್ಟೇ ಕೊಡುತ್ತದೆ. ಹಿಂದಿನ ದಿನ ಸಮುದ್ರದ ಮೀನು ತಿಂದಿದ್ದರೆ ಹಾನಿಯಿಲ್ಲದ ಬಗೆಯ ಆರ್ಸೆನಿಕ್ ಸೇರಿ ಅಂಕಿ ಸುಳ್ಳೇ ಏರುತ್ತದೆ. ಲೋಹ ತೆಗೆಯುತ್ತೇವೆ ಎಂದು ‘ಡಿಟಾಕ್ಸ್’ ಹೆಸರಿನಲ್ಲಿ ಮಾರುವ ಔಷಧಗಳಿಂದ ಈ ಕ್ಯಾನ್ಸರ್ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ.

ವೈದ್ಯರು ಕೇಳದಿದ್ದರೂ ಕೆಲಸದ ಚರಿತ್ರೆಯನ್ನು ನೀವೇ ಹೇಳಿ: ಯಾವ ವರ್ಷದಿಂದ ಯಾವ ವರ್ಷದವರೆಗೆ, ವೆಲ್ಡಿಂಗೋ ಪ್ಲೇಟಿಂಗೋ, ಕಬ್ಬಿಣವೋ ಸ್ಟೇನ್‌ಲೆಸ್ ಸ್ಟೀಲೋ, ಮುಚ್ಚಿದ ಜಾಗವೋ ಬಯಲೋ. ಉದ್ಯೋಗಿಗಳಿಗೆ ಪರಿಹಾರ ಕೊಡಿಸುವ ಕಾನೂನಿನ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಕ್ರೋಮಿಯಂ, ಆರ್ಸೆನಿಕ್, ಕ್ಯಾಡ್ಮಿಯಂ, ಬೆರಿಲಿಯಂಗಳಿಂದ ಬರುವ ಕಾಯಿಲೆಗಳೂ ಸೇರಿವೆ. ಆ ಪರಿಹಾರ ಕೇಳುವ ದಿನ ಬಂದರೆ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕಾಗುತ್ತದೆ. ಗುರುತಿನ ಚೀಟಿ, ಸಂಬಳದ ರಸೀದಿ, ಇಎಸ್‌ಐ ಮತ್ತು ಪಿಎಫ್ ಕಾಗದಗಳನ್ನು ಕೆಲಸ ಬಿಟ್ಟ ಮೇಲೂ ಮನೆಯ ಪೆಟ್ಟಿಗೆಯಲ್ಲಿ, ಜಮೀನಿನ ಪಹಣಿಯ ಜೊತೆಗೇ ಇಡಿ.